ಬರದೇ ಹೋದ ಆ ನಂಬರ್

2013ರ ಅಕ್ಟೋಬರ್ 12, ಶನಿವಾರ. ನವರಾತ್ರಿಯ ಸಡಗರ. ಎರಡು ದಿನ ಕಳೆದರೆ ವಿಜಯದಶಮಿ. ನಮ್ಮ ಚಾನೆಲ್ಲಿನ ಒಬಿ ವ್ಯಾನುಗಳು ಮೈಸೂರಿನಲ್ಲಿದ್ದವು. ಜಂಬೂ ಸವಾರಿಗೆ ಕ್ಯಾಮೆರಾ ಎಲ್ಲೆಲ್ಲಿ ಇಡಬೇಕು ಅಂತ ಒಂದು ತಂಡ ಲೆಕ್ಕ ಹಾಕ್ತಾ ಇತ್ತು. ಇನ್ನೊಂದು ತಂಡ ಬೆಂಗಳೂರಿನ ನ್ಯೂಸ್ ರೂಮಿನಲ್ಲಿ ಬಂಗಾಳಕೊಲ್ಲಿಯ ಉಪಗ್ರಹ ಚಿತ್ರದ ಮುಂದೆ ಕೂತಿತ್ತು. ಪರದೆ ಮೇಲೆ ಬಿಳಿ ಚಕ್ರವೊಂದು ಸುತ್ತುತ್ತಾ ಸುತ್ತುತ್ತಾ ಒಡಿಶಾ ಕಡೆಗೆ ಬರ್ತಾ ಇತ್ತು. ಅದರ ಹೆಸರು ಫೈಲಿನ್. ಥಾಯ್ಲೆಂಡ್ ಕೊಟ್ಟ ಹೆಸರು. ಅರ್ಥ ನೀಲಮಣಿ. ಮನೆ ಮುರಿಯೋಕೆ ಬರೋ ಗಾಳಿಗೆ ರತ್ನದ ಹೆಸರು!

ರಾತ್ರಿ ಒಂಬತ್ತು ದಾಟಿದ ಮೇಲೆ ಅದು ಗೋಪಾಲಪುರದ ಹತ್ತಿರ ದಡ ಮುಟ್ಟಿತು. ಗಂಟೆಗೆ 200 ಕಿಲೋಮೀಟರ್‌ಗೂ ಹೆಚ್ಚು ವೇಗದ ಗಾಳಿ. ನಾವು ಟೆಂಪ್ಲೇಟ್ ರೆಡಿ ಮಾಡಿಟ್ಟುಕೊಂಡಿದ್ದೆವು. ಕೆಂಪು ಪಟ್ಟಿ, ಬಿಳಿ ಅಕ್ಷರ, 'ಸತ್ತವರ ಸಂಖ್ಯೆ' ಅಂತ ಬರೆದು ಪಕ್ಕದಲ್ಲಿ ಖಾಲಿ ಜಾಗ. ನಂಬರ್ ಬಂದ ತಕ್ಷಣ ತುಂಬಿಸಬೇಕು. ಬೆಳಗಿನ ಜಾವ ನಾಲ್ಕಕ್ಕೆ ನಾನು ಡೆಸ್ಕಿಗೆ ಹೋಗಿ ಕೇಳಿದೆ, “ಏನಪ್ಪಾ, ನಂಬರ್ ಏನಾದ್ರೂ ಬಂತಾ?”

ಶಿಫ್ಟಿನಲ್ಲಿದ್ದ ಹುಡುಗ ಕಣ್ಣುಜ್ಜಿಕೊಂಡು ಹೇಳಿದ, “ಇಲ್ಲ ಸಾರ್. ಇನ್ನೂ ಒಂದಂಕೀಲೇ ಇದೆ.”

ಅವನ ದನಿಯಲ್ಲಿ ಸಣ್ಣ ನಿರಾಸೆ ಇತ್ತು. ಸುಳ್ಳು ಹೇಳಲ್ಲ, ನನ್ನ ದನಿಯಲ್ಲೂ ಇತ್ತು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಫೈಲಿನ್ ನಮ್ಮ ಪಾಲಿಗೆ ಮೂರನೇ ಸುದ್ದಿ. ಸಂಜೆಗೆ ಟಿಕರ್‌ನಲ್ಲಿ ಒಂದು ಸಾಲು. ಆಮೇಲೆ ಅದೂ ಇಲ್ಲ. ನಾವು ಜಂಬೂ ಸವಾರಿಗೆ ಹೋದೆವು.

ಈ ಮಾತನ್ನು ನಾನು ಸ್ಟುಡಿಯೊದಲ್ಲಿ ಕೂತು ಹೇಳಿದ್ದೇನೆ, ಇಲ್ಲೂ ಬರೆಯುತ್ತಿದ್ದೇನೆ. ಆ ಬೆಳಗ್ಗೆ ನನಗೆ ನನ್ನ ವೃತ್ತಿಯ ಬಗ್ಗೆ ನಾಚಿಕೆಯಾಯಿತು. ಯಾಕೆ ಅಂದ್ರೆ, ಆ ದಿನದ ಅತಿ ದೊಡ್ಡ ಸುದ್ದಿ ಆ ಖಾಲಿ ಜಾಗವೇ ಆಗಿತ್ತು. ನಂಬರ್ ಬರದೇ ಹೋಗಿದ್ದೇ ಸುದ್ದಿ. ಅದೇ ಒಡಿಶಾದಲ್ಲಿ, ಅದೇ ಅಕ್ಟೋಬರ್ ತಿಂಗಳಲ್ಲಿ, ಬರೀ 14 ವರ್ಷ ಹಿಂದೆ ಚಂಡಮಾರುತವೊಂದು ಸುಮಾರು 10 ಸಾವಿರ ಜನರನ್ನು ತೆಗೆದುಕೊಂಡು ಹೋಗಿತ್ತು. ಈ ಸಲ ಪ್ರವಾಹದ ಸಾವುಗಳನ್ನೂ ಸೇರಿಸಿ 50ರೊಳಗೆ. ಗಾಳಿ ಮೆತ್ತಗಾಯಿತಾ? ಸಮುದ್ರಕ್ಕೆ ಕರುಣೆ ಬಂತಾ? ಏನೂ ಇಲ್ಲ. ಬದಲಾಗಿದ್ದು ಮನುಷ್ಯರು. ಅದು ಹೇಗೆ ಅನ್ನೋದೇ ಈ ಕಥೆ. ಅದಕ್ಕೆ ಸ್ವಲ್ಪ ಹಿಂದಕ್ಕೆ, ನೂರೈವತ್ತು ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

ನಾವೆಲ್ಲ ಬಾಯಿಪಾಠ ಮಾಡಿಕೊಂಡಿರುವ 'ಸೈಕ್ಲೋನ್' ಅನ್ನೋ ಪದ ಹುಟ್ಟಿದ್ದು ಎಲ್ಲಿ ಗೊತ್ತಾ? ಲಂಡನ್ನಿನಲ್ಲಲ್ಲ, ನಮ್ಮ ಕಲ್ಕತ್ತಾದಲ್ಲಿ. ಹೆನ್ರಿ ಪಿಡಿಂಗ್ಟನ್ ಅಂತ ಒಬ್ಬ ಇಂಗ್ಲಿಷಿನವ. ಮೊದಲು ಹಡಗಿನ ಕ್ಯಾಪ್ಟನ್ ಆಗಿದ್ದು ಆಮೇಲೆ ಕಲ್ಕತ್ತಾದಲ್ಲಿ ನೆಲೆ ನಿಂತ. ಬಂಗಾಳಕೊಲ್ಲಿಯಲ್ಲಿ ಬಿರುಗಾಳಿಗೆ ಸಿಕ್ಕ ಹಡಗುಗಳ ದಿನಚರಿಗಳನ್ನು ಕೂಡಿಹಾಕಿ, ಗಾಳಿ ನೇರವಾಗಿ ಬೀಸೋದಿಲ್ಲ, ಸುತ್ತುತ್ತೆ ಅಂತ ತೋರಿಸಿದ. ಸುರುಳಿ ಸುತ್ತಿದ ಹಾವನ್ನು ನೆನಪಿಸುವ ಗ್ರೀಕ್ ಮಾತಿನಿಂದ 'ಸೈಕ್ಲೋನ್' ಅನ್ನೋ ಹೆಸರಿಟ್ಟ. ಇದು 1840ರ ದಶಕದ ಮಾತು.

ಆಗ ಹೂಗ್ಲಿ ನದಿಯಲ್ಲಿ ಹೂಳು ತುಂಬುತ್ತಿದೆ, ಕಲ್ಕತ್ತಾ ಬಂದರಿಗೆ ಬದಲಿ ಬಂದರು ಬೇಕು ಅಂತ ಸರ್ಕಾರ ಯೋಚನೆ ಮಾಡ್ತಿತ್ತು. ಸುಂದರಬನದ ಮಾತ್ಲಾ ನದಿಯ ದಂಡೆ ಆಯ್ಕೆ ಆಯಿತು. 1853ರಲ್ಲಿ ಪಿಡಿಂಗ್ಟನ್ ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರ ಬರೆದ. ಅಲ್ಲಿ ಬಂದರು ಕಟ್ಟಬೇಡಿ, ಒಂದು ದಿನ ಚಂಡಮಾರುತದ ಜೊತೆ ಸಮುದ್ರದ ನೀರೇ ಎದ್ದು ಬಂದು ಎಲ್ಲವನ್ನೂ ಮುಳುಗಿಸುತ್ತೆ ಅನ್ನೋದು ಪತ್ರದ ಸಾರ. ಯಾರು ಕೇಳ್ತಾರೆ? ಬಂದರು ಎದ್ದಿತು, ರೈಲೂ ಬಂತು. ವೈಸ್‌ರಾಯ್ ಕ್ಯಾನಿಂಗ್ ಹೆಸರನ್ನೇ ಊರಿಗೆ ಇಟ್ಟರು. 1867ರಲ್ಲಿ ಚಂಡಮಾರುತ ಬಂತು, ಅದರ ಬೆನ್ನಿಗೇ ಸಮುದ್ರವೂ ಬಂತು, ಪೋರ್ಟ್ ಕ್ಯಾನಿಂಗ್ ಕಥೆ ಮುಗೀತು. ಪಿಡಿಂಗ್ಟನ್ ಅಷ್ಟರಲ್ಲಿ ತೀರಿಕೊಂಡು ಒಂಬತ್ತು ವರ್ಷ ಆಗಿತ್ತು. 'ನಾನು ಹೇಳಿರಲಿಲ್ವಾ' ಅನ್ನೋಕೂ ಅವನು ಇರಲಿಲ್ಲ.

ಅದಕ್ಕೆ ಮೂರು ವರ್ಷ ಮೊದಲೇ, 1864ರಲ್ಲಿ, ಕಲ್ಕತ್ತಾ ನಗರವೇ ಒಂದು ಭೀಕರ ಚಂಡಮಾರುತಕ್ಕೆ ಸಿಕ್ಕಿ ನಲುಗಿತ್ತು. ಆಮೇಲೆ 1866 ಮತ್ತು 1871ರಲ್ಲಿ ಮುಂಗಾರು ಕೈಕೊಟ್ಟಿತು. ಇಷ್ಟೆಲ್ಲ ಆದ ಮೇಲೆ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. ಗಮನಿಸಿ, ಸ್ಮಶಾನದಿಂದ ವಾಪಸ್ ಬಂದ ಮೇಲೆ ಕಚೇರಿ ತೆರೆದದ್ದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಆ ಗಾದೆ ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತೆ.

ಈಗ ನೂರು ವರ್ಷ ದಾಟಿ 1970ಕ್ಕೆ ಬನ್ನಿ. ಜಾಗ, ಆಗಿನ ಪೂರ್ವ ಪಾಕಿಸ್ತಾನ. ನವೆಂಬರ್ 12ರ ರಾತ್ರಿ. ಮೇಘನಾ ನದಿ ಸಮುದ್ರ ಸೇರುವ ಕಡೆ ಭೋಲಾ ಅಂತ ಒಂದು ದ್ವೀಪ. ಅಷ್ಟು ಹೊತ್ತಿಗೆ ಆಕಾಶದಲ್ಲಿ ಉಪಗ್ರಹ ಇತ್ತು. ಚಂಡಮಾರುತ ಬರ್ತಾ ಇರೋದು ಗೊತ್ತಿತ್ತು. ರೇಡಿಯೋದಲ್ಲಿ ಎಚ್ಚರಿಕೆಯೂ ಬಂದಿತ್ತು. ಆದರೆ ಅದನ್ನು ಕೇಳಿದವರು ಎಷ್ಟು ಜನ? ಕೇಳಿದವರಲ್ಲಿ ನಂಬಿದವರು ಎಷ್ಟು ಜನ? ಕೆಲವೇ ವಾರಗಳ ಹಿಂದೆ ಇನ್ನೊಂದು ಚಂಡಮಾರುತಕ್ಕೆ ಇದೇ ಥರ ಎಚ್ಚರಿಕೆ ಕೊಟ್ಟಿದ್ದರು, ಹೇಳಿದಷ್ಟು ಹಾನಿ ಆಗಿರಲಿಲ್ಲ. 'ಇವರು ಯಾವಾಗಲೂ ಹೀಗೇ' ಅಂತ ಜನ ಮಲಗಿದರು. ಇನ್ನು ನಂಬಿದವರಾದರೂ ಎಲ್ಲಿಗೆ ಹೋಗಬೇಕಿತ್ತು? ಸಪಾಟು ನೆಲ. ಎತ್ತರ ಅಂದ್ರೆ ತೆಂಗಿನ ಮರ, ತಾಳೆ ಮರ ಅಷ್ಟೇ. ರಾತ್ರೋರಾತ್ರಿ ಸತ್ತವರು 3 ಲಕ್ಷದಿಂದ 5 ಲಕ್ಷ. ಸರಿಯಾಗಿ ಎಣಿಸೋಕೂ ಆಗದಷ್ಟು ಹೆಣಗಳು.

ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಚೀನಾ ಪ್ರವಾಸ ಮುಗಿಸಿ ಬರ್ತಾ ಆಕಾಶದಿಂದ ನೋಡಿದರು. ನಮಗೆ ಚಿರಪರಿಚಿತವಾದ ವೈಮಾನಿಕ ಸಮೀಕ್ಷೆ! ಪರಿಹಾರ ಕಾರ್ಯ ಕುಂಟುತ್ತಾ ಸಾಗಿತು. ನಮ್ಮ ಹೆಣಕ್ಕೂ ಇವರಿಗೆ ಬೆಲೆ ಇಲ್ಲ ಅಂತ ಬಂಗಾಳಿಗಳಿಗೆ ಅನ್ನಿಸಿಬಿಟ್ಟಿತು. ಒಂದು ತಿಂಗಳೊಳಗೆ ಚುನಾವಣೆ ಬಂತು. ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ ಶೇಖ್ ಮುಜಿಬುರ್ ರೆಹಮಾನ್ ಅವರ ಅವಾಮಿ ಲೀಗ್ 160 ಗೆದ್ದಿತು. ಮರುವರ್ಷ ಯುದ್ಧ. ಬಾಂಗ್ಲಾದೇಶದ ಹುಟ್ಟು. ಭಾಷೆ, ಅಧಿಕಾರ, ಅವಮಾನ, ಕಾರಣಗಳು ಹತ್ತಾರಿದ್ದವು ನಿಜ. ಆದರೆ ಒಂದು ದೇಶ ಒಡೆದ ಕಥೆಯಲ್ಲಿ ಒಂದು ಬಿರುಗಾಳಿಗೂ ಪಾತ್ರ ಇದೆ.

ಹೊಸ ದೇಶದ ಕೈಯಲ್ಲಿ ದುಡ್ಡಿರಲಿಲ್ಲ. ಇದ್ದದ್ದು ಜನ. 1972-73ರಲ್ಲಿ ಅಲ್ಲಿನ ರೆಡ್ ಕ್ರಾಸ್ ಮತ್ತು ಸರ್ಕಾರ ಸೇರಿ ಚಂಡಮಾರುತ ಸಿದ್ಧತಾ ಕಾರ್ಯಕ್ರಮ ಅಂತ ಶುರು ಮಾಡಿದವು. ಏನು ಮಹಾ ತಂತ್ರಜ್ಞಾನ ಅಂತೀರಿ? ಸುಮಾರು 20 ಸಾವಿರ ಸ್ವಯಂಸೇವಕರು. ಅವರ ಕೈಗೆ ಟ್ರಾನ್ಸಿಸ್ಟರ್, ಮೆಗಾಫೋನ್, ಕೈಯಲ್ಲಿ ತಿರುಗಿಸೋ ಸೈರನ್, ಬಾವುಟ. ಓಡಾಡೋಕೆ ಸೈಕಲ್. ಎಚ್ಚರಿಕೆ ಬಂದರೆ ಮನೆಮನೆಗೆ ಹೋಗಿ ಬಾಗಿಲು ತಟ್ಟಬೇಕು. ಅಷ್ಟೇ ಕೆಲಸ. ಬಾಗಿಲು ತಟ್ಟೋನು ಅದೇ ಊರಿನವನು. ರೇಡಿಯೋದ ಮಾತನ್ನು ನಂಬದವರು ಪಕ್ಕದ ಓಣಿಯ ಹುಡುಗನ ಮಾತನ್ನು ನಂಬ್ತಾರೆ. 'ಚಾಚಾ, ಏಳಿ' ಅಂತ ಕೈ ಹಿಡಿದು ಎಬ್ಬಿಸಿದರೆ ಇಲ್ಲ ಅನ್ನೋಕಾಗುತ್ತಾ?

ಆದರೂ 1991ರ ಏಪ್ರಿಲ್‌ನಲ್ಲಿ ಮತ್ತೆ ಸುಮಾರು 1 ಲಕ್ಷ 40 ಸಾವಿರ ಜನ ಸತ್ತರು. ಈ ಸಲ ಎಚ್ಚರಿಕೆ ಬಹಳ ಮಂದಿಗೆ ತಲುಪಿತ್ತು. ಆದರೆ ಎದ್ದು ಹೋಗೋಣ ಅಂದ್ರೆ ಆಸರೆಯ ಕಟ್ಟಡಗಳು ಸಾಲದು. ಇನ್ನೊಂದು ಕಹಿ ಸತ್ಯವೂ ಹೊರಬಿತ್ತು. ಸತ್ತವರಲ್ಲಿ ಗಂಡಸರಿಗಿಂತ ಹೆಂಗಸರು ಹಲವು ಪಟ್ಟು ಹೆಚ್ಚು. ಗಂಡ ಮನೆಯಲ್ಲಿಲ್ಲ, ಕೇಳದೆ ಹೇಗೆ ಹೊರಡೋದು? ಪರ ಗಂಡಸರ ನಡುವೆ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯೋದು ಹೇಗೆ? ಬಯಲಿಗೆ ಹೋಗಬೇಕಾದರೆ ಎಲ್ಲಿಗೆ ಹೋಗೋದು? ಕಂಕುಳಲ್ಲಿ ಒಂದು ಮಗು, ಕೈಯಲ್ಲಿ ಇನ್ನೊಂದು, ಕಾಲಿಗೆ ತೊಡರುವ ಸೀರೆ. ಈ ಲೆಕ್ಕವನ್ನು ಯಾವ ಇಂಜಿನಿಯರೂ ಹಾಕಿರಲಿಲ್ಲ. ಆಮೇಲೆ ಕಟ್ಟಿದ ಆಶ್ರಯ ತಾಣಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ, ಬೇರೆ ಶೌಚಾಲಯ ಬಂದವು. ಸ್ವಯಂಸೇವಕರಲ್ಲಿ ಹೆಣ್ಣುಮಕ್ಕಳು ಸೇರಿದರು. ಇವತ್ತು ಅಲ್ಲಿರುವ ಸುಮಾರು 76 ಸಾವಿರ ಸ್ವಯಂಸೇವಕರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು. 2007ರಲ್ಲಿ ಸಿಡ್ರ್ ಅನ್ನೋ ಭಾರೀ ಚಂಡಮಾರುತ ಬಂದಾಗ ಸತ್ತವರು 3 ಸಾವಿರ ಚಿಲ್ಲರೆ. ಅದೂ ದೊಡ್ಡ ಸಂಖ್ಯೆಯೇ. ಆದರೆ 1970ರ ಪಕ್ಕದಲ್ಲಿ ಇಟ್ಟು ನೋಡಿ.

ಸರಿ, ಇದು ಗಡಿಯಾಚೆಯ ಪಾಠ. ಈಚೆಗೆ ಬರೋಣ. ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿ ಹೋಗುವ ಕೃಷ್ಣೆ ಕೊನೆಗೆ ಸಮುದ್ರ ಸೇರುವ ಕಡೆ ದಿವಿಸೀಮೆ ಅಂತ ಒಂದು ಪ್ರದೇಶ ಇದೆ. ಆಂಧ್ರದ ಕೃಷ್ಣಾ ಜಿಲ್ಲೆ. 1977ರ ನವೆಂಬರ್ 19ರಂದು ಅಲ್ಲಿ ಸಮುದ್ರ ಗೋಡೆಯ ಹಾಗೆ ಎದ್ದು ಬಂತು. ಸರ್ಕಾರಿ ಲೆಕ್ಕದಲ್ಲೇ ಸುಮಾರು 10 ಸಾವಿರ ಸಾವು. ಅಲ್ಲಿನವರು ಇವತ್ತಿಗೂ ಅದಕ್ಕೆ 'ಉಪ್ಪೆನ' ಅಂತಲೇ ಕರೀತಾರೆ. ಆಮೇಲೆ ಆಂಧ್ರ ಎಚ್ಚೆತ್ತಿತು. ಕರಾವಳಿಯುದ್ದಕ್ಕೂ ಆಶ್ರಯ ತಾಣ ಕಟ್ಟಿತು, ಜನರನ್ನು ಮೊದಲೇ ಸಾಗಿಸೋದನ್ನು ಕಲೀತು. 1990ರ ಮೇ ತಿಂಗಳಲ್ಲಿ ಅದೇ ಕೃಷ್ಣಾ ಮುಖಜ ಪ್ರದೇಶಕ್ಕೆ ಅಂಥದ್ದೇ ಘೋರ ಚಂಡಮಾರುತ ಬಂದಾಗ ಲಕ್ಷಾಂತರ ಜನರನ್ನು ಮುಂಚೆಯೇ ಎಬ್ಬಿಸಿ ಕರೆದೊಯ್ದಿದ್ದರು. ಸಾವು ಸಾವಿರದೊಳಗೆ ನಿಂತಿತು.

ಇಲ್ಲಿ ನಾನು ಒಂದು ಕ್ಷಣ ನಿಲ್ಲುತ್ತೇನೆ. ಆಂಧ್ರಕ್ಕೆ ತಾಗಿಕೊಂಡೇ ಇರೋ ರಾಜ್ಯ ಯಾವುದು? ಒಡಿಶಾ. ಅದೇ ಸಮುದ್ರ, ಅದೇ ಗಾಳಿ. ಪಕ್ಕದ ಮನೆಯವರು ಪಾಠ ಕಲಿತು ಪಾಸಾಗಿ ಒಂಬತ್ತು ವರ್ಷ ಆಗಿತ್ತು. ಆದರೂ 1999ರಲ್ಲಿ ಒಡಿಶಾ ಕರಾವಳಿಯಲ್ಲಿದ್ದ ಚಂಡಮಾರುತ ಆಶ್ರಯ ತಾಣಗಳು ಎಷ್ಟು ಗೊತ್ತಾ? ಇಪ್ಪತ್ತು ಚಿಲ್ಲರೆ! ಅವೂ ರೆಡ್ ಕ್ರಾಸ್‌ನವರು ಕಟ್ಟಿಸಿದ್ದು.

1999ರ ಅಕ್ಟೋಬರ್ 17ರಂದು ಗಂಜಾಂ ಜಿಲ್ಲೆಗೆ ಒಂದು ಚಂಡಮಾರುತ ಬಡಿದು ಹೋಯಿತು. ಆ ಗಾಯ ಆರುವ ಮುಂಚೆಯೇ, 12 ದಿನಕ್ಕೆ, ಅಕ್ಟೋಬರ್ 29ರ ಶುಕ್ರವಾರ, ಪಾರಾದೀಪದ ಹತ್ತಿರ ಇನ್ನೊಂದು. ಗಾಳಿಯ ವೇಗ ಗಂಟೆಗೆ ಸುಮಾರು 260 ಕಿಲೋಮೀಟರ್. ಹವಾಮಾನ ಇಲಾಖೆ ಎಚ್ಚರಿಸಿತ್ತು. ಆದರೆ 'ಸೂಪರ್ ಸೈಕ್ಲೋನ್' ಅಂದ್ರೆ ಏನು ಅಂತ ಎರಸಮಾದ ಮೀನುಗಾರನಿಗೆ ಯಾರು ಬಿಡಿಸಿ ಹೇಳಿದ್ದರು? ಗಾಳಿಯನ್ನು ಅವನು ನೋಡಿದ್ದ. ಸಮುದ್ರ ಮನೆಯೊಳಗೆ ಬರೋದನ್ನು ನೋಡಿರಲಿಲ್ಲ. ಮಣ್ಣಿನ ಗೋಡೆ, ಹುಲ್ಲಿನ ಸೂರು. ಹದಿನೈದು ಇಪ್ಪತ್ತು ಅಡಿ ನೀರು ನುಗ್ಗಿತು. ಸರ್ಕಾರಿ ಲೆಕ್ಕದ ಸುಮಾರು 10 ಸಾವಿರ ಸಾವುಗಳಲ್ಲಿ ಬಹುಪಾಲು ಜಗತ್‌ಸಿಂಗ್‌ಪುರ ಅನ್ನೋ ಒಂದೇ ಜಿಲ್ಲೆಯದು. ಬಿರುಗಾಳಿ ದಡ ಮುಟ್ಟಿದ ಮೇಲೂ ಕದಲದೆ ಒಂದು ದಿನಕ್ಕಿಂತ ಹೆಚ್ಚು ಅಲ್ಲೇ ಗಿರಕಿ ಹೊಡೆಯಿತು. ರಾಜಧಾನಿ ಭುವನೇಶ್ವರಕ್ಕೇ ಫೋನಿಲ್ಲ, ಕರೆಂಟಿಲ್ಲ, ರಸ್ತೆ ಇಲ್ಲ. ಹೊರಜಗತ್ತಿಗೆ ಸುದ್ದಿ ಮುಟ್ಟಿಸೋಕೆ ಹ್ಯಾಮ್ ರೇಡಿಯೋ ಹವ್ಯಾಸಿಗಳು ಬೇಕಾದರು. ಸಹಾಯ ಮಾಡಬೇಕಾದ ಸರ್ಕಾರವೇ ಸಂತ್ರಸ್ತ. ಒಡಿಯಾ ಭಾಷೆಯಲ್ಲಿ ಅದಕ್ಕೆ 'ಮಹಾಬಾತ್ಯಾ' ಅಂತಾರೆ. ಆ ಪದ ಕೇಳಿದರೆ ಆ ತಲೆಮಾರಿನವರು ಇವತ್ತಿಗೂ ಮೌನವಾಗ್ತಾರೆ.

ಆಗ ನಾವು, ಅಂದರೆ ಮಾಧ್ಯಮದವರು, ಹೆಣಗಳನ್ನು ತೋರಿಸಿದೆವು. ಆಮೇಲೆ ರಾಜಕೀಯ ತೋರಿಸಿದೆವು. ಮುಖ್ಯಮಂತ್ರಿ ಬದಲಾದರು. ಆದರೆ ಎರಡೇ ತಿಂಗಳಿಗೆ, ಆ ಡಿಸೆಂಬರ್ ಕೊನೆಯಲ್ಲಿ, ಒಂದು ಸಣ್ಣ ಸುದ್ದಿ ನಮ್ಮ ಕಣ್ಣು ತಪ್ಪಿಸಿತು. ಒಡಿಶಾ ಸರ್ಕಾರ ವಿಪತ್ತು ನಿಭಾಯಿಸೋಕೆ ಅಂತಲೇ ಪ್ರತ್ಯೇಕ ಪ್ರಾಧಿಕಾರ ಮಾಡಿತು. ದೇಶಕ್ಕೆ ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ. ಅದಕ್ಕೂ ಆರು ವರ್ಷ ಮೊದಲು.

ಅವರು ಮಾಡಿದ ಕೆಲಸ ಟಿವಿಗೆ ಒಗ್ಗುವಂಥದ್ದಲ್ಲ. ಬೋರು ಹೊಡೆಸೋ ಕೆಲಸ. ಕರಾವಳಿಯಲ್ಲಿ ಕಂಬಗಳ ಮೇಲೆ ನಿಲ್ಲುವ ಕಾಂಕ್ರೀಟ್ ಕಟ್ಟಡಗಳನ್ನು ಕಟ್ಟುತ್ತಾ ಹೋದರು. ಇವತ್ತು ಅಂಥವು 800ಕ್ಕೂ ಹೆಚ್ಚಿವೆ. ಇಲ್ಲಿ ಒಂದು ಜಾಣತನ ಇದೆ, ನೋಡಿ. ಬೀಗ ಹಾಕಿಟ್ಟ ಕಟ್ಟಡ ಐದು ವರ್ಷಕ್ಕೆ ಬಾವಲಿಯ ಮನೆ ಆಗುತ್ತೆ. ಅದಕ್ಕೇ ಅವುಗಳನ್ನು ಶಾಲೆ ಮಾಡಿದರು, ಅಂಗನವಾಡಿ ಮಾಡಿದರು. ಮದುವೆ ಮುಂಜಿಗೂ ಊರಿನವರು ಬಳಸಬಹುದು. ದಿನಾ ಮಕ್ಕಳು ಓದೋ ಕಟ್ಟಡದ ದಾರಿ ಕಗ್ಗತ್ತಲಲ್ಲೂ ಗೊತ್ತಿರುತ್ತೆ. ಪ್ರತಿ ತಾಣಕ್ಕೂ ಊರಿನವರದೇ ಸಮಿತಿ. ಜನರೇಟರ್ ಯಾರ ಜವಾಬ್ದಾರಿ, ಅಡುಗೆ ಯಾರದು, ಬಿದ್ದ ಮರ ಕತ್ತರಿಸೋ ಯಂತ್ರ ಯಾರ ಕೈಗೆ, ಗರ್ಭಿಣಿಯರ ಪಟ್ಟಿ ಯಾರ ಹತ್ತಿರ, ಏಳಲಾಗದ ಅಜ್ಜಿಯನ್ನು ಹೊರುವವರು ಯಾರು, ಎಲ್ಲವೂ ಮೊದಲೇ ತೀರ್ಮಾನ. ವರ್ಷ ವರ್ಷ ತಾಲೀಮು. 2001ರಲ್ಲಿ ರಾಜ್ಯದ್ದೇ ಕ್ಷಿಪ್ರ ಕಾರ್ಯಪಡೆ ಕಟ್ಟಿದರು. ಅಕ್ಟೋಬರ್ 29 ಅಲ್ಲಿ ಬರೀ ತಿಥಿಯ ದಿನ ಅಲ್ಲ, ವಿಪತ್ತು ಸಿದ್ಧತಾ ದಿನ.

ಕಾಂಕ್ರೀಟು ಒಂದೇ ಅಲ್ಲ. ಕೇಂದ್ರಪಾಡಾ ಜಿಲ್ಲೆಯಲ್ಲಿ 1999ರ ಸಾವುಗಳ ಲೆಕ್ಕವನ್ನು ಊರೂರಿಗೆ ಬಿಡಿಸಿ ನೋಡಿದ ಸಂಶೋಧಕರಿಗೆ ಒಂದು ವಿಷಯ ಕಂಡಿತು. ಸಮುದ್ರಕ್ಕೂ ಊರಿಗೂ ನಡುವೆ ಕಾಂಡ್ಲಾ ಕಾಡು ದಟ್ಟವಾಗಿ ಉಳಿದಿದ್ದ ಕಡೆ ಕಡಿಮೆ ಜನ ಸತ್ತಿದ್ದರು. ಕಾಡು ಕಡಿದ ಕಡೆ ಹೆಚ್ಚು.

ಜನ ಮನೆ ಬಿಟ್ಟು ಯಾಕೆ ಬರಲ್ಲ ಅನ್ನೋದು ಎಲ್ಲ ಕಡೆಯೂ ಇರುವ ತಲೆನೋವು. ಹಸು ಇದೆ, ಪೆಟ್ಟಿಗೆಯಲ್ಲಿ ನಾಲ್ಕು ಕಾಸಿದೆ, ಕಳ್ಳರು ನುಗ್ಗಿದರೆ? ಬಡವನಿಗೆ ಇರೋದೇ ಅಷ್ಟು. ಅದನ್ನು ಬಿಟ್ಟು ಬಾ ಅಂತ ಅಪರಿಚಿತ ಪೊಲೀಸಪ್ಪ ಹೇಳಿದರೆ ಬರ್ತಾನಾ? ಆದರೆ ಹೋದ ತಿಂಗಳು ತಾಲೀಮಿನಲ್ಲಿ ಜೊತೆಗಿದ್ದ ಊರಿನ ಹುಡುಗ, ಅಂಗನವಾಡಿ ಕಾರ್ಯಕರ್ತೆ, ಶಾಲೆ ಮೇಷ್ಟ್ರು ಬಂದು ಕರೆದರೆ ಬರ್ತಾನೆ. 'ದನದ ಹಗ್ಗ ಬಿಚ್ಚಿ ಬಿಡು, ಅದರ ಜೀವ ಅದು ಉಳಿಸಿಕೊಳ್ಳುತ್ತೆ, ನೀನು ಬಾ' ಅಂದರೆ ಕೇಳ್ತಾನೆ.

ಈಗ ಮತ್ತೆ ಫೈಲಿನ್ ರಾತ್ರಿಗೆ ಬನ್ನಿ. ನಾವು ಒಬಿ ವ್ಯಾನ್ ಮೈಸೂರಿಗೆ ಕಳಿಸಿದ್ದ ಹೊತ್ತಿನಲ್ಲಿ ಒಡಿಶಾ ಸರ್ಕಾರ ತನ್ನ ನೌಕರರ ದಸರಾ ರಜೆಯನ್ನೇ ರದ್ದು ಮಾಡಿತ್ತು. ಗಾಳಿ ದಡ ಮುಟ್ಟುವಷ್ಟರಲ್ಲಿ ಹತ್ತಿರ ಹತ್ತಿರ 10 ಲಕ್ಷ ಜನ ತಮ್ಮ ಮನೆಗಳಲ್ಲಿ ಇರಲಿಲ್ಲ. ಗಾಳಿ ಬಂತು, ಖಾಲಿ ಮನೆಗಳನ್ನು ಕೆಡವಿತು, ಹೋಯಿತು. ನನ್ನ ಟೆಂಪ್ಲೇಟ್ ಖಾಲಿ ಉಳಿದದ್ದು ಹೀಗೆ. 14 ವರ್ಷದ ಬೋರು ಹೊಡೆಸೋ ಕೆಲಸ ಒಂದು ರಾತ್ರಿಯಲ್ಲಿ ಫಲ ಕೊಟ್ಟಿತ್ತು. ನಾನದನ್ನು ಮೂರನೇ ಸುದ್ದಿ ಮಾಡಿದ್ದೆ.

2019ರ ಮೇ 3ರಂದು ಪುರಿಗೆ ಫೊನಿ ಬಂತು. ನಮ್ಮ ಬಾಯಲ್ಲಿ ಫಣಿ. ಬಾಂಗ್ಲಾದೇಶ ಕೊಟ್ಟ ಹೆಸರು, ಹಾವಿನ ಹೆಡೆ. ಪಿಡಿಂಗ್ಟನ್ ಸುತ್ತಿಟ್ಟ ಹಾವು ನೂರೆಪ್ಪತ್ತು ವರ್ಷಕ್ಕೆ ಹೆಡೆ ಎತ್ತಿ ಬಂದ ಹಾಗೆ! ಆಗ 12 ಲಕ್ಷ ಜನರನ್ನು ಸಾಗಿಸಿದರು. ಸುಮಾರು 2.6 ಕೋಟಿ ಮೊಬೈಲ್ ಸಂದೇಶ, 43 ಸಾವಿರ ಸ್ವಯಂಸೇವಕರು. ಸತ್ತವರು 64. ಹಾಗಂತ ಒಡಿಶಾ ಸ್ವರ್ಗ ಆಯ್ತು ಅಂತ ನಾನು ಹೇಳಲ್ಲ. ಫಣಿ ಹೋದ ಮೇಲೆ ಪುರಿ ಕಡೆ ಎಷ್ಟೋ ದಿನ ಕರೆಂಟಿರಲಿಲ್ಲ. ಗುಡಿಸಲು ಹೋದವನಿಗೆ ಗುಡಿಸಲು ವಾಪಸ್ ಬರಲು ವರ್ಷಗಳು ಬೇಕು. ಜೀವ ಉಳಿಸೋದು ಕಲಿತಿದ್ದಾರೆ, ಬದುಕು ಉಳಿಸೋದು ಇನ್ನೂ ಬಾಕಿ ಇದೆ. ಆದರೆ ಜೀವ ಉಳಿದರೆ ತಾನೇ ಬದುಕಿನ ಮಾತು?

ಇನ್ನೊಂದು ಚಿಕ್ಕ ಊರಿನ ಕಥೆ ಹೇಳ್ತೀನಿ. ಪುದುಚೇರಿಯ ನಲ್ಲವಾಡು, ಮೀನುಗಾರರ ಹಳ್ಳಿ. ಅಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು ಒಂದು ಮಾಹಿತಿ ಕೇಂದ್ರ ಮಾಡಿ ಧ್ವನಿವರ್ಧಕ ಹಾಕಿಸಿದ್ದರು. ಸಮುದ್ರ ಹೇಗಿದೆ, ಅಲೆ ಎಷ್ಟೆತ್ತರ ಅಂತ ದಿನಾ ಅದರಲ್ಲಿ ಹೇಳ್ತಿದ್ದರು. 2004ರ ಡಿಸೆಂಬರ್ 26, ಸುನಾಮಿಯ ಭಾನುವಾರ. ಸಿಂಗಪುರದಲ್ಲಿ ಕೆಲಸಕ್ಕಿದ್ದ ಅದೇ ಊರಿನ ಯುವಕನೊಬ್ಬ ಟಿವಿಯಲ್ಲಿ ಸುದ್ದಿ ನೋಡಿ ಊರಿಗೆ ಫೋನ್ ಮಾಡಿದ. ಊರಿನವರು ಮಾಹಿತಿ ಕೇಂದ್ರಕ್ಕೆ ಓಡಿದರು. ದಿನಾ ಅಲೆಯ ಎತ್ತರ ಹೇಳ್ತಿದ್ದ ಆ ಧ್ವನಿವರ್ಧಕ ಅವತ್ತು 'ಓಡಿ' ಅಂತ ಹೇಳಿತು. 3 ಸಾವಿರಕ್ಕೂ ಹೆಚ್ಚು ಜನ ಬದುಕಿದರು. ಅದಕ್ಕೆ ಬೇಕಾಗಿದ್ದು ಒಂದು ಫೋನು, ಒಂದು ಮೈಕು, ಆ ಮೈಕಿನ ಮೇಲೆ ಜನರಿಗಿದ್ದ ನಂಬಿಕೆ.

ಈ ಇತಿಹಾಸವನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ನನಗೆ ಒಂದು ವಿಷಯ ಚುಚ್ಚುತ್ತೆ. ಬಾಂಗ್ಲಾದೇಶ ಕಲಿತದ್ದು ತನ್ನ ಲಕ್ಷಾಂತರ ಹೆಣಗಳ ಮೇಲೆ. ಆಂಧ್ರ ಕಲಿತದ್ದು ದಿವಿಸೀಮೆಯ ಮೇಲೆ. ಒಡಿಶಾ ಕಲಿತದ್ದು ಮಹಾಬಾತ್ಯಾದ ಮೇಲೆ. 2001ರ ಭುಜ್ ಭೂಕಂಪ ಆದ ಮೇಲೆ 2003ರಲ್ಲಿ ಗುಜರಾತ್ ಕಾಯ್ದೆ ತಂತು. ಸುನಾಮಿಯ ಮೇಲೆ ದೇಶಕ್ಕೆ ಕಾಯ್ದೆ ಬಂತು. ಪಕ್ಕದ ಮನೆಯ ಸಾವು ನೋಡಿ ಕಲಿತ ಉದಾಹರಣೆ ಹುಡುಕಿದರೂ ಸುಲಭಕ್ಕೆ ಸಿಗಲ್ಲ. ಪ್ರತಿಯೊಬ್ಬರೂ ತಮ್ಮದೇ ಹೆಣ ಎಣಿಸಿದ ಮೇಲೆ ಎದ್ದವರು.

ಹಾಗಾದರೆ ನಮ್ಮ ಕರ್ನಾಟಕ? ನಮಗೆ ತಿಳಿವಳಿಕೆ ಇಲ್ಲ ಅನ್ನೋ ಹಾಗಿಲ್ಲ. 1988ರಲ್ಲೇ ಬರ ಗಮನಿಸೋಕೆ ಅಂತ ಪ್ರತ್ಯೇಕ ಘಟಕ ಮಾಡಿದ ರಾಜ್ಯ ನಮ್ಮದು. ಅದೇ ಬೆಳೆದು ಇವತ್ತಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆಗಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯೋ ಯಂತ್ರಗಳಿವೆ. ಯಾವ ಪಂಚಾಯಿತಿಯಲ್ಲಿ ಎಷ್ಟು ಮಿಲಿಮೀಟರ್ ಬಿತ್ತು ಅಂತ ಬೆಂಗಳೂರಿನಲ್ಲಿ ಕೂತು ಹೇಳಬಹುದು. ಅಂದರೆ ಪಿಡಿಂಗ್ಟನ್ ಕೆಲಸ ನಾವು ಮುಗಿಸಿದ್ದೇವೆ. ನನ್ನ ಪ್ರಶ್ನೆ ಸೈಕಲ್ ಮೇಲೆ ಹೋಗಿ ಬಾಗಿಲು ತಟ್ಟುವವನ ಬಗ್ಗೆ.

2009ರ ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕದ ನೆರೆಗೆ 200ಕ್ಕೂ ಹೆಚ್ಚು ಜನ ಹೋದರು. ಅದೇ ಮಳೆಯಲ್ಲಿ ಕಾರವಾರದ ಬಳಿ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ. 2018ರಲ್ಲಿ ಕೊಡಗು. 2020ರಲ್ಲಿ ತಲಕಾವೇರಿಯ ಗಜಗಿರಿ. 2021ರಲ್ಲಿ ಯಲ್ಲಾಪುರದ ಕಳಚೆ. 2024ರ ಜುಲೈ 16ರಂದು ಅಂಕೋಲಾದ ಶಿರೂರು. ಇವುಗಳಲ್ಲಿ ಎಷ್ಟೋ ಕಡೆ ನಾನೇ ಗಂಟೆಗಟ್ಟಲೆ ನೇರಪ್ರಸಾರ ನಡೆಸಿದ್ದೇನೆ. ಆದರೆ ದುರಂತದ ವಿಷಯ ಏನು ಅಂದ್ರೆ, ಗುಡ್ಡ ಜರಿದ ಕಡೆಯೆಲ್ಲ ನಮ್ಮ ನಂಬರ್ ಒಂದಂಕಿ, ಎರಡಂಕಿ ದಾಟಲ್ಲ. ಅದಕ್ಕೇ ನಾವು ಮರೀತೀವಿ. ಮುಂದಿನ ಮಳೆಗಾಲದ ಹೊತ್ತಿಗೆ ಊರ ಹೆಸರೂ ನೆನಪಿರಲ್ಲ. ಒಡಿಶಾವನ್ನು ಎಬ್ಬಿಸಿದ್ದು 10 ಸಾವಿರ. ನಾವು ಏಳೋಕೆ ಎಷ್ಟು ಬೇಕು?

ಗುಡ್ಡ ಕುಸಿತ ಚಂಡಮಾರುತದ ಹಾಗಲ್ಲ, ಒಪ್ಪುತ್ತೇನೆ. ಚಂಡಮಾರುತ ನಾಲ್ಕು ದಿನ ಮೊದಲೇ ಫೋಟೋ ತೆಗೆಸಿಕೊಂಡು ಬರುತ್ತೆ. ಗುಡ್ಡ ಹಾಗೆ ಹೇಳಿ ಬರಲ್ಲ. ಆದರೆ ಮಳೆ ಹೇಳಿ ಬರುತ್ತೆ. ಮೂರ್ನಾಲ್ಕು ದಿನ ಎಡೆಬಿಡದೆ ಸುರಿದು ಮಣ್ಣು ನೀರು ಕುಡಿದು ಭಾರವಾದ ಮೇಲೆ ತಾನೇ ಗುಡ್ಡ ಜರಿಯೋದು? ನೆಲದಲ್ಲಿ ಬಿರುಕು, ಇದ್ದಕ್ಕಿದ್ದಂತೆ ಕೆಂಪಾದ ಒರತೆ ನೀರು, ವಾಲಿದ ಮರ. ಮಲೆನಾಡಿನ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾ? ಬೇಕಿರೋದು ಬೇರೆ. ಇಷ್ಟು ಮಳೆ ದಾಟಿದರೆ ಈ ಹತ್ತು ಮನೆಯವರು ರಾತ್ರಿ ಶಾಲೆಯಲ್ಲಿ ಮಲಗಬೇಕು ಅನ್ನೋ ಊರಿನದೇ ಒಂದು ತೀರ್ಮಾನ. ಆ ಹತ್ತು ಮನೆಯ ಪಟ್ಟಿ. ಆ ಬಾಗಿಲು ತಟ್ಟುವ ಹುಡುಗ, ಹುಡುಗಿ. ಮಳೆಗಾಲಕ್ಕೆ ಮುಂಚೆ ಒಂದು ತಾಲೀಮು. ಏನೂ ಆಗದ ರಾತ್ರಿಯ ಮರುದಿನ 'ಸುಮ್ಮನೆ ಎಬ್ಬಿಸಿದರು' ಅಂತ ಬೈಯದಿರುವ ದೊಡ್ಡ ಮನಸ್ಸು. ಭೋಲಾ ನೆನಪಿದೆಯಲ್ಲ?

ನಮ್ಮ ರಾಜಕಾರಣಕ್ಕೆ ಗೊತ್ತಿರೋ ಪದಗಳು ಗಂಜಿ ಕೇಂದ್ರ, ಪರಿಹಾರದ ಚೆಕ್ಕು, ವೈಮಾನಿಕ ಸಮೀಕ್ಷೆ. ಚೆಕ್ ಕೊಡೋ ಫೋಟೋ ಪೇಪರಿನಲ್ಲಿ ಬರುತ್ತೆ. ಉಳಿದ ಜೀವದ ಫೋಟೋ ಬರಲ್ಲ, ಯಾಕೆಂದರೆ ಅವನು ಎಂದಿನಂತೆ ಬೆಳಗ್ಗೆ ಎದ್ದು ಹಾಲು ಕರೆಯೋಕೆ ಹೋಗಿರ್ತಾನೆ. ರಾಜಕಾರಣಿಗಳನ್ನು ಮಾತ್ರ ಬೈದು ಎದ್ದು ಹೋಗೋದು ನನಗೆ ಸುಲಭ. ಆದರೆ ಅವರಿಗೆ ಆ ಫೋಟೋದ ಚಟ ಹತ್ತಿಸಿದ್ದು ನಾವು, ಟಿವಿಯವರು. ಅದನ್ನು ನೋಡಿ ವೋಟು ಹಾಕಿದ್ದು ನೀವು.

ಫೈಲಿನ್ ಆದ ಮೇಲೆ ನಮ್ಮ ಡೆಸ್ಕಿನ ಆ ಹುಡುಗನಿಗೆ ನಾನೊಂದು ಮಾತು ಹೇಳಿದ್ದೆ. ಅವನು ಈಗ ದೊಡ್ಡ ಹುದ್ದೆಯಲ್ಲಿದ್ದಾನೆ, ನೆನಪಿದೆಯೋ ಇಲ್ಲವೋ. “ನೋಡಪ್ಪಾ, ಸತ್ತವರ ಸಂಖ್ಯೆಯ ಪಟ್ಟಿ ಮಾಡಿದ್ದೀವಲ್ಲ, ಪಕ್ಕದಲ್ಲಿ ಇನ್ನೊಂದು ಪಟ್ಟಿ ಮಾಡು. ಬದುಕಿಸಿದವರ ಸಂಖ್ಯೆ.” ಅವನು ನಕ್ಕ. “ಅದನ್ನು ಯಾರು ಕೊಡ್ತಾರೆ ಸಾರ್?”

ನಿಜ, ಆ ನಂಬರ್ ಯಾರೂ ಕೊಡಲ್ಲ. ನಿಮ್ಮೂರಲ್ಲಿ ಈ ಮಳೆಗಾಲಕ್ಕೆ ಮುಂಚೆ ಪಂಚಾಯಿತಿಗೆ ಹೋಗಿ ಒಂದೇ ಒಂದು ಪ್ರಶ್ನೆ ಕೇಳಿ. ರಾತ್ರಿ ಎರಡು ಗಂಟೆಗೆ ಎಚ್ಚರಿಕೆ ಬಂದರೆ ನಮ್ಮ ಮನೆ ಬಾಗಿಲು ತಟ್ಟುವವರು ಯಾರು? ಅವರು ಒಂದು ಹೆಸರು ಹೇಳಿದರೆ ಕೈ ಮುಗಿದು ಬನ್ನಿ. ಹೇಳದೇ ಇದ್ದರೆ ನಿಮ್ಮ ಹೆಸರನ್ನೇ ಬರೆಸಿ ಬನ್ನಿ.